ಹಕ್ಕಿ ಹೆಜ್ಜೆ

ಕಣ್ಣಿನ ಆಸ್ಪತ್ರೆಯಿಂದ ಹೊರಟ ಮಾವ ಮನೆಗೆ ಹೋಗಲಿಲ್ಲ. ಕರಿ ಕನ್ನಡಕದ ಸಮೇತ ನೇರವಾಗಿ ಸೈಕಲ್ ಅಂಗಡಿಗೇ ಬಂದಿಳಿದರು. ಬಂದವರೇ ಮೊಳೆಗೆ ನೇತುಹಾಕಿದ್ದ ಬೀಗದ ಕೈ ಗೊಂಚಲನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಗಡಿ ನೋಡಿಕೊಳ್ಳುತ್ತಿದ್ದ ಅಳಿಯ ಕೈಯಲ್ಲಿದ್ದ ಪಂಪು ಕೆಳಗಿಟ್ಟು ಎದ್ದು ನಿಂತ. ಕಣ್ಣಿಗೆ ಪೊರೆ ಬಂದು ಮನೆ ಹಿಡಿದ ಮೇಲೂ ಮಾವ ಆ ಗೊಂಚಲನ್ನು ಬಿಟ್ಟುಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಕೇಳಿ ಪಡೆಯಬೇಕು, ಸಂಜೆ ತಂದು ಒಪ್ಪಿಸಬೇಕು. "ಕಣ್ಣು ಬರಲಿ, ನಿನ್ನ ಕೈಕೆಲಸ ನೋಡ್ತೀನಿ. ಆಮೇಲೆ ಅಂಗಡಿ ನಿಂದೇ" ಎಂದಿದ್ದರು. ಈಗ ಕಣ್ಣು ಬಂದಿತ್ತು.

ಅಳಿಯನ ಕೈಕೆಲಸಕ್ಕೇನೂ ಬೇಡಿಕೆ ಕಡಿಮೆಯಿರಲಿಲ್ಲ. ಊರಿಗೆ ಊರೇ ಅವನ 'ಹಕ್ಕಿ ಹೆಜ್ಜೆ' ಚಕ್ರಕ್ಕೆ ಮುಗಿಬಿದ್ದಿತ್ತು. ಆದರೆ ಅದು ಹುಟ್ಟಿದ ಕಥೆ ಅವನಿಗೊಬ್ಬನಿಗೇ ಗೊತ್ತು. ಅಂದು ಹೆಂಡತಿಯೊಂದಿಗೆ ಜಗಳವಾಡಿ ಬಂದವನು ಬುಸುಗುಡುತ್ತ ಚಕ್ರ ಕಟ್ಟಲು ಕೂತಿದ್ದ. ಡಬ್ಬಿಯಲ್ಲಿ ಉದ್ದದ ಸ್ಪೋಕ್ ಕಡ್ಡಿ, ಗಿಡ್ಡ ಕಡ್ಡಿ ಎರಡೂ ಬೆರೆತುಹೋಗಿದ್ದವು. ಉದ್ದದವು ಎಂದಿನಂತೆ ಒಂದನ್ನೊಂದು ಹಾದು ರಿಮ್ ಮುಟ್ಟಿದವು. ಗಿಡ್ಡವು ಹಾಗೆ ಓರೆಯಾಗಿ ಹಾದರೆ ಮುಟ್ಟಲಿಲ್ಲ. ಸಿಟ್ಟಿನಲ್ಲಿ ಅವನ್ನೆಲ್ಲ ನೆಟ್ಟಗೆ ಚುಚ್ಚಿದ. ಎದ್ದು ನೋಡಿದರೆ ಮೂರು ಮೂರು ಕಡ್ಡಿಗಳ ಗುಂಪು, ನಡುನಡುವೆ ಖಾಲಿ, ಒದ್ದೆ ನೆಲದ ಮೇಲೆ ಹಕ್ಕಿ ನಡೆದಂತೆ. ಬಿಚ್ಚಬೇಕು ಅನ್ನುವಷ್ಟರಲ್ಲಿ ಗಿರಾಕಿ ಬಂದು, "ಆಹಾ! ಏನು ಇದರ ಹೆಸರು?" ಎಂದು ಕೇಳಿಬಿಟ್ಟ. ನಾಲಿಗೆಗೆ ಎಲುಬಿಲ್ಲ ನೋಡಿ, "ಹಕ್ಕಿ ಹೆಜ್ಜೆ" ಎಂದುಬಿಟ್ಟಿತು.

ಮಾವ ಕನ್ನಡಕ ಹಣೆಗೇರಿಸಿ, ಗೋಡೆಗೆ ಒರಗಿಸಿದ್ದ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಇದೇನಯ್ಯಾ ಇದು, ಕಾಗೆ ಕಾಲು ಗುಬ್ಬಿ ಕಾಲು?"

"ಹಲ್ಲಿನ ಡಾಕ್ಟರಮ್ಮಂದು ಮಾವ. ಇವತ್ತು ತಗೊಂಡು ಹೋಗ್ತಾರೆ."

ಮಾವ ಚಕ್ರವನ್ನು ಒಮ್ಮೆ ತಿರುಗಿಸಿದರು. "ಹೋಗಿ ಕಣ್ಣಿನ ಡ್ರಾಪ್ಸ್ ತಗೊಂಡ್ ಬಾ. ನಾನಿಲ್ಲೇ ಇದ್ದೀನಿ ಅಂತ ಮನೇಲೂ ಹೇಳಿ ಬಾ" ಎಂದಷ್ಟೇ ಅಂದರು.

ಮನೆ ಬಾಗಿಲಲ್ಲಿ ಹೆಂಡತಿ, "ಅಪ್ಪ ಏನಂದ್ರು?" ಎಂದಳು.

"ಏನೂ ಅನ್ನಲಿಲ್ಲ."

"ಹಾಗಾದ್ರೆ ಕೆಲಸ ಕೆಟ್ಟಿತು! ಬೈದಿದ್ರೆ ಭಯ ಇರ್ಲಿಲ್ಲ" ಎಂದು ಅವಳು ತಣ್ಣಗೆ ಒಳಗೆ ಹೋದಳು. ಔಷಧಿ ಅಂಗಡಿಯಲ್ಲಿ ನೂಕುನುಗ್ಗಲು ಬೇರೆ. ಇವನ ಸರದಿ ಬರುವಷ್ಟರಲ್ಲಿ ಅರ್ಧ ಜೀವ ಹೋಗಿತ್ತು.

ಅವನು ಮರಳಿದಾಗ ಡಾಕ್ಟರಮ್ಮ ಚಕ್ರ ಹಿಡಿದು ಅಂಗಡಿಯ ನಡುವೆ ನಿಂತಿದ್ದರು. ಮಾವನ ಕೈಗೆ ಗ್ರೀಸು ಮೆತ್ತಿತ್ತು. ಚಕ್ರದಲ್ಲಿ ಹಕ್ಕಿಯ ಹೆಜ್ಜೆ ಹೋಗಲಿ, ಗರಿಯೂ ಉಳಿದಿರಲಿಲ್ಲ. ಪ್ರತಿಯೊಂದು ಕಡ್ಡಿಯೂ ತನ್ನ ಪಾಡಿಗೆ ಹಾದು, ತಗ್ಗಿ, ತನ್ನ ತೂತಿನಲ್ಲಿ ಕೂತಿತ್ತು. ಅಂಥ ಅಚ್ಚುಕಟ್ಟಾದ ಚಕ್ರವನ್ನು ಅಳಿಯ ಜನ್ಮದಲ್ಲಿ ಕಟ್ಟಿರಲಿಲ್ಲ.

"ಇದು ಎಲ್ಲರ ಸೈಕಲ್ ಥರಾನೇ ಇದೆಯಲ್ರೀ! ಯಾರು ಹಾಳು ಮಾಡಿದ್ದು?"

"ತಪ್ಪಿತ್ತಮ್ಮ, ನಾನೇ ಸರಿ ಮಾಡಿದೆ" ಎಂದರು ಮಾವ, ಹೆಮ್ಮೆಯಿಂದಲೇ.

"ಅದೇ ಕೇಳ್ತಿರೋದು, ಯಾಕೆ ಸರಿ ಮಾಡಿದ್ರಿ ಅಂತ!"

ಊರಿನವರ ಸೊಟ್ಟ ಹಲ್ಲುಗಳನ್ನೆಲ್ಲ ತಂತಿ ಕಟ್ಟಿ ನೇರ ಮಾಡುವ ಹೆಂಗಸು ಹೀಗೆ ಕೇಳಿದರೆ ಯಾರು ತಾನೇ ಏನು ಹೇಳಬೇಕು? ಮಾವ ಗ್ರೀಸು ಕೈಯನ್ನು ಪಂಚೆಗೆ ಒರೆಸಿಕೊಳ್ಳತೊಡಗಿದರು. ಅಷ್ಟು ದೊಡ್ಡ ಮನುಷ್ಯ ಒಮ್ಮೆಲೇ ಕುಗ್ಗಿ ಚಿಕ್ಕವನಾದಂತೆ ಕಂಡು ಅಳಿಯನಿಗೆ ಸಂಕಟವಾಯಿತು.

"ನಂದೇ ತಪ್ಪು ಡಾಕ್ಟ್ರೇ" ಎಂದು ನಡುವೆ ಬಂದ. "ನಾನು ಅವರಿಗೆ ಹೇಳಿರಲಿಲ್ಲ. ನಾಳೆ ಬನ್ನಿ, ನಿಮ್ಮ ಹಕ್ಕಿ ಹೆಜ್ಜೆ ರೆಡಿ ಇರುತ್ತೆ."

ಡಾಕ್ಟರಮ್ಮ ಚಕ್ರವನ್ನು ಅಲ್ಲೇ ಒರಗಿಸಿ ಗೊಣಗುತ್ತ ಹೋದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅಳಿಯ ತಲೆ ತಗ್ಗಿಸಿದ. "ಮಾವ, ಅದು ಬೇಕಂತ ಕಟ್ಟಿದ್ದಲ್ಲ. ಮೊದಲನೇ ಸಲ..."

"ಡಬ್ಬಿಯೊಳಗೆ ಕೈ ಹಾಕಿದಾಗಲೇ ಗೊತ್ತಾಯ್ತು ಬಿಡು. ಗಿಡ್ಡ ಕಡ್ಡಿ ಬೆರೆತಿದೆ. ಮನೇಲಿ ಜಗಳಾನೂ ಆಗಿರಬೇಕು, ನನ್ನ ಮಗಳಲ್ವಾ" ಎಂದರು ಮಾವ. ದನಿ ತಗ್ಗಿಸಿ, "ಬಿಚ್ಚೋಕೆ ಮುಂಚೆ ಚಕ್ರದ ಮೇಲೆ ಹತ್ತಿ ತುಳಿದು ನೋಡಿದೆ. ಗಟ್ಟಿಯಾಗೇ ಇತ್ತು, ಹಾಳಾದ್ದು" ಎಂದರು.

ಆಮೇಲೆ ಸೊಂಟದ ಗೊಂಚಲನ್ನು ತೆಗೆದು ಅಳಿಯನ ಮುಂದೆ ಇಟ್ಟರು.

"ತಗೋ. ಗುರುದಕ್ಷಿಣೆ ಅಂದ್ಕೋ. ಆ ತಪ್ಪನ್ನ ನಂಗೂ ಹೇಳಿಕೊಡು."

ಇಬ್ಬರೂ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಕೂತರು. ಉದ್ದದ್ದೆರಡು, ನಡುವೆ ಗಿಡ್ಡದ್ದೊಂದು ಎಂದು ಅಳಿಯ ತೋರಿಸಿಕೊಟ್ಟ. ಮಾವ ತಲೆಯಾಡಿಸಿದರು. ಆದರೆ ಅವರ ಬೆರಳುಗಳು ಯಾರ ಮಾತನ್ನೂ ಕೇಳುವಂತಿರಲಿಲ್ಲ. ಗಿಡ್ಡ ಕಡ್ಡಿ ಸಿಕ್ಕಿದೊಡನೆ ಅವು ಅದನ್ನು ತಾವಾಗಿಯೇ ಡಬ್ಬಿಗೆ ಬಿಟ್ಟು, ಉದ್ದದ್ದನ್ನೇ ಹೆಕ್ಕಿ, ಹಾಯಿಸಿ, ಅದರ ತೂತಿಗೇ ಸೇರಿಸುತ್ತಿದ್ದವು. ಬೀದಿಯ ದೀಪ ಹತ್ತುವವರೆಗೂ ಅಳಿಯ ಕಟ್ಟಿಸಿದ, ಮಾವ ಬಿಚ್ಚಿದರು, ಮತ್ತೆ ಕಟ್ಟಿದರು. ಕೊನೆಗೆ ಚಕ್ರವನ್ನು ಎತ್ತಿ ಹೊಸ ಕಣ್ಣಿಗೆ ಹತ್ತಿರ ಹಿಡಿದು ನೋಡಿದ ಮಾವ ಹಣೆ ಚಚ್ಚಿಕೊಂಡರು.

"ಥೂ! ಮತ್ತೆ ಸರಿಯಾಗೇ ಬಂತು ಕಣಯ್ಯಾ!"