ಒಂಬತ್ತನೇ ನಿಯಮ

ನದಿ ನಡುವಿನ ಆ ಪುಟ್ಟ ಕುದ್ರುವಿನಲ್ಲಿ ಇದ್ದದ್ದು ಎರಡೇ ಫುಟ್‌ಬಾಲ್ ತಂಡ. ಆದರೂ ಸಂಘದ ಅಧ್ಯಕ್ಷರು ಹನ್ನೆರಡು ಪುಟಗಳ ನಿಯಮಾವಳಿ ಬರೆದಿದ್ದರು. ಅವರು ಆಚೆ ದಡದ ಊರಿನವರು, ರೆಫರಿಯೂ ಅವರೇ. ಆ ಭಾನುವಾರ ಆಟದ ನಡುವೆ, ದೋಣಿ ನಡೆಸುವ ಲಾದ್ರುವಿಗೆ ಕೆಂಪು ಕಾರ್ಡು ತೋರಿಸಿದರು.

“ಒಂಬತ್ತನೇ ನಿಯಮ ಗೊತ್ತುಂಟಲ್ಲ? ಈಗಲೇ ಕುದ್ರು ಬಿಟ್ಟು ಹೋಗ್ಬೇಕು. ಮೂರು ವಾರ ಇಲ್ಲಿ ಕಾಲಿಡ್ಲಿಕ್ಕಿಲ್ಲ.”

“ಸ್ವಲ್ಪ ಯೋಚನೆ ಮಾಡಿ ಸಾರ್.”

“ನಿಯಮ ಅಂದ್ರೆ ನಿಯಮ!”

ಲಾದ್ರು ತಲೆ ತಗ್ಗಿಸಿ ಹೋಗಿ ದೋಣಿ ಹತ್ತಿದ.

ಪಂದ್ಯ ಮುಗಿಸಿ ಅಧ್ಯಕ್ಷರು ನೀರಿನಂಚಿಗೆ ಬಂದರು. ಕುದ್ರುವಿಗಿದ್ದ ಒಂದೇ ಒಂದು ದೋಣಿ ಆಚೆ ದಡದಲ್ಲಿತ್ತು.

“ಲಾದ್ರೂ, ದೋಣಿ ತಾ ಮಾರಾಯ! ನಂಗೆ ಮನೆಗೆ ಹೋಗ್ಲಿಕ್ಕುಂಟು!”

ಆಚೆಯಿಂದ ಲಾದ್ರು ಕೈಮುಗಿದು ಕೂಗಿದ: “ಮೂರು ವಾರ ಬಿಟ್ಟು ಬರ್ತೇನೆ ಸಾರ್!”