ಎಣ್ಣೆ ನೆನೆಯಲಿ

ಮೊದಲ ಚೊಂಬು ನೀರು ಬೆನ್ನಿಗೆ ತಾಗಿದ್ದೇ ತಡ, ನೆತ್ತಿಯಿಂದ ಹಿಮ್ಮಡಿವರೆಗೆ ಎಣ್ಣೆ ಬಳಿದುಕೊಂಡು ಮಣೆಯ ಮೇಲೆ ಕೂತಿದ್ದ ಮೋಹನ್‌ಕುಮಾರ್ ಕಿಟಾರನೆ ಕಿರುಚಿದ. ನೀರು ತಣ್ಣಗೆ ಕೊರೆಯುತ್ತಿತ್ತು. ನರಕ ಚತುರ್ದಶಿಯ ನಸುಕು. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ತುಮಕೂರಿನ ಮಾವನ ಮನೆಗೆ ಬಂದ ಹೊಸ ಅಳಿಯ ಅವನು.

ತಣ್ಣೀರಿಗಿಂತ ಅವನನ್ನು ನಡುಗಿಸಿದ್ದು ಬೇರೆಯೇ ವಿಷಯ. ಆ ಅಪಾರ್ಟ್‌ಮೆಂಟಿನ ಬಿಸಿನೀರು ನೋಡಿಕೊಳ್ಳುತ್ತಿದ್ದದ್ದು ಅವನೇ ಮಾಡಿದ ಡಿಜಿಟಲ್ ಟ್ವಿನ್. ಅಲ್ಲಿನವರ ಬಾಯಲ್ಲಿ 'ಅವಳಿ'. ಇಡೀ ಕಟ್ಟಡದ ಪಡಿಯಚ್ಚು ಲ್ಯಾಪ್‌ಟಾಪಿನೊಳಗೆ ಕೂತು, ಯಾವ ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಮೀಯುತ್ತಾರೆಂದು ತಿಂಗಳುಗಟ್ಟಲೆ ನೋಡಿ ಕಲಿತು, ತಾರಸಿಯ ದೊಡ್ಡ ಟ್ಯಾಂಕಿನ ಹೀಟರನ್ನು ಬೇಕಾದಾಗ ಮಾತ್ರ ಹಾಕುತ್ತಿತ್ತು. ಕರೆಂಟೂ ಉಳಿಯುತ್ತಿತ್ತು. "ನಮ್ಮಳಿಯಂದ್ರು ಮಾಡಿದ್ದು" ಎಂದು ಎದೆಯುಬ್ಬಿಸಿ ಮನೆಮನೆಯ ಗೀಸರ್ ಬಿಚ್ಚಿಸಿದವರು ಸಂಘದ ಅಧ್ಯಕ್ಷರಾದ ಮಾವ ಶಿವರಾಮಯ್ಯ. ಈಗ ಮಾವನ ಮಾನ ಅಳಿಯನ ಕೈಯಲ್ಲಿ, ಅಳಿಯನ ಕೈ ಎಣ್ಣೆಯಲ್ಲಿ.

ಫೋನಿನ ಮೇಲೆ ಬೆರಳು ಜಾರಿತು. ಹೆಂಡತಿ ಪಲ್ಲವಿ ಲ್ಯಾಪ್‌ಟಾಪ್ ತೆರೆದು ಬಚ್ಚಲ ಬಾಗಿಲಲ್ಲಿ ನಿಂತು ಓದಿದಳು. "ರೀ, ಇವತ್ತು ರಜೆ, ಜನ ಲೇಟಾಗಿ ಏಳ್ತಾರೆ, ಎಂಟು ಗಂಟೆಗೆ ನೀರು ಕಾಯಿಸಿದ್ರೆ ಸಾಕು ಅಂತ ತೋರಿಸ್ತಾ ಇದೆ ಕಣ್ರೀ!"

"ಅಯ್ಯೋ, ಭಾನುವಾರಗಳನ್ನ ನೋಡಿ ಕಲ್ತಿದೆ. ದೀಪಾವಳಿ ಹೇಳ್ಕೊಡೋದೇ ಮರ್ತೆ. ಈಗ್ಲೇ ಹಾಕು ಹೀಟರ್ನ!"

"ಹಾಕ್ದೆ. ಕಾಯೋಕೆ ಒಂದ್ ಗಂಟೆ ಬೇಕಂತೆ."

ಅಷ್ಟರಲ್ಲಿ ಯಾರೋ ಮುಂಬಾಗಿಲು ದಬದಬ ಬಡಿದರು. ಶಿವರಾಮಯ್ಯ ತೆರೆದರೆ ಎದುರಿಗೆ ಮೇಲಿನ ಮನೆಯ ಮಹಾದೇವಯ್ಯ, ಸೊಂಟಕ್ಕೊಂದು ಟವೆಲು, ಮೀಸೆಯಿಂದ ತೊಟ್ಟಿಕ್ಕುವ ಎಣ್ಣೆ. ಅವರ ಹಿಂದೆ ಮೆಟ್ಟಿಲುದ್ದಕ್ಕೂ ಮಿರಮಿರ ಮಿಂಚುವ ತಲೆಗಳು.

"ಏನ್ ಶಿವರಾಮಯ್ಯನೋರೇ, ನಿಮ್ಮಳಿಯಂದ್ರ ಅವಳಿ ಇನ್ನೂ ಎದ್ದಿಲ್ವಾ? ನಾಳೆನೇ ನಮ್ ಗೀಸರ್ ವಾಪಸ್ ಹಾಕ್ಸಿ!"

ಬಚ್ಚಲೊಳಗೆ ಮೋಹನ್ ಕಿವಿ ನಿಮಿರಿಸಿದ. ಮಾವ ಸುಳ್ಳು ಹೇಳುವ ಜಾಯಮಾನದವರಲ್ಲ.

ಶಿವರಾಮಯ್ಯ ಒಮ್ಮೆ ಕೆಮ್ಮಿದರು. "ನಾನೇ ಲೇಟ್ ಮಾಡ್ಸಿದ್ದು ಕಣಪ್ಪ. ನಮ್ ಗೂಳೂರ್ ಕಡೆ ಎಣ್ಣೆ ಹಚ್ಕೊಂಡ್ರೆ ಒಂದ್ ಗಂಟೆನಾದ್ರೂ ನೆನೀಬೇಕು. ಹಚ್ಚಿದ್ ಗಳಿಗೆಗೇ ನೀರ್ ಹುಯ್ಕೊಂಡ್ರೆ ಅದೆಂಥ ಎಣ್ಣೆ ಸ್ನಾನ? ಅಳಿಯಂದ್ರು ಬ್ಯಾಡ ಅಂದ್ರು, ನಾನೇ ಬಲವಂತ ಮಾಡ್ದೆ. ಕೂತ್ಕೊಳಿ, ಕಾಫಿ ಬರ್ತದೆ."

ಮಹಾದೇವಯ್ಯ ಮೀಸೆ ಒರೆಸಿಕೊಂಡರು. "ಅದೂ ದಿಟವೇ ಬುಡಿ. ನಮ್ಮಜ್ಜಿನೂ ಹಂಗೇ ಅಂತಿತ್ತು" ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಲಿಫ್ಟಿನಲ್ಲಿ ಎದುರಾದರೂ ಫೋನಿನಿಂದ ಕಣ್ಣು ಕೀಳದವರೆಲ್ಲ ಸಾಲಾಗಿ ಕೂತು, ಒಬ್ಬರ ಎಣ್ಣೆಮುಖ ನೋಡಿ ಇನ್ನೊಬ್ಬರು ಬಿದ್ದುಬಿದ್ದು ನಕ್ಕರು. ಅತ್ತೆ ಸಿದ್ದಗಂಗಮ್ಮನಿಗೆ ಕಾಫಿ ಹಂಚಿ ಹಂಚಿ ಸಾಕಾಯಿತು.

ಕೊನೆಗೂ ನೀರು ಕಾಯಿತು. ಮಿಂದು, ಹೊಸ ಪಂಚೆ ಉಟ್ಟು ಬಂದ ಮೋಹನ್ ಮಾವನ ಮುಂದೆ ತಲೆ ತಗ್ಗಿಸಿ ನಿಂತ. "ಮಾವ, ನನಗೋಸ್ಕರ ಸುಳ್ಳು..."

"ಸುಮ್ನಿರಿ ಅಳಿಯಂದ್ರೇ. ನಿಮ್ಮತ್ತೆ ಆರತಿ ಹಿಡ್ಕೊಂಡ್ ಕಾಯ್ತಾವ್ಳೆ, ನಡೀರಿ."

ಸಿದ್ದಗಂಗಮ್ಮ ಅಳಿಯನ ಹಣೆಗೆ ಕುಂಕುಮವಿಟ್ಟು ಆರತಿ ಬೆಳಗಿದರು. ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇನ್ನೂ ತೆರೆದೇ ಇತ್ತು. ಅದನ್ನು ಕಂಡದ್ದೇ ಮೋಹನನಿಗೆ ಸಿಟ್ಟು ಉಕ್ಕಿತು. "ಮಾನ ಕಳೀತಿತ್ತು ಇದು" ಎಂದು ಮುಚ್ಚಲು ಕೈ ಚಾಚಿದ.

"ಇರಿ, ಬೈಬ್ಯಾಡಿ ಅದನ್ನ" ಎಂದು ಸಿದ್ದಗಂಗಮ್ಮ ಆರತಿ ತಟ್ಟೆಯನ್ನು ಅತ್ತ ತಿರುಗಿಸಿ, ಲ್ಯಾಪ್‌ಟಾಪಿನ ಅಂಚಿಗೂ ಒಂದು ಬೊಟ್ಟು ಕುಂಕುಮ ಇಟ್ಟರು. "ಪಾಪ, ಇದಕ್ಕೂ ಮೊದಲ್ನೇ ದೀಪಾವಳಿ."