ಘಾಟಿನ ಸಸಿ

ಈಗ ಪೇಟೆಗಳಲ್ಲಿ ಸಿಗುವುದು ಸಪ್ಪೆ ಸಾಸಿವೆಯೊಂದೇ. ಧಾರವಾಡದ ತಳಿಕೇಂದ್ರದಲ್ಲಿ ಎರಡೆಲೆಯ ಸಸಿಗಳ ವಂಶವಾಹಿ ಓದಿ, ಘಾಟಿನ ಗುರುತು ಕಂಡದ್ದನ್ನು ಕಿತ್ತೆಸೆಯುವುದು ಶಶಿಕಲಾಳ ಕೆಲಸ.

ಸಂಜೆ ಅತ್ತೆ ನೀಲವ್ವ ಮೊಮ್ಮಗಳಿಗೆ ಉಪ್ಪು-ಸಾಸಿವೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಏಳಲಿಲ್ಲ. ಏಳದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದೇ ಅರ್ಥ.

"ದಿನಾ ಹಿಂಗ ಆಗಾಕತ್ತೈತಿ. ನನ್ನ ಕಣ್ಣs ತಾಗಿರಬೇಕು. ಇನ್ನ ಕೂಸಿನ್ನ ನಾ ನೋಡೂದಿಲ್ಲವ್ವಾ," ಎಂದು ಮುಖ ತಿರುಗಿಸಿದಳು.

"ಅತ್ತೀ, ಸಾಸಿವೀನs ಸಪ್ಪಗ ಮಾಡೇವ್ರೀ."

"ಸಾಸಿವಿ ಎಲ್ಲ್ಯರೆ ಸಪ್ಪಗಿರತೈತೇನು?"

ಮರುದಿನ ಘಾಟಿನ ಗುರುತಿನ ಸಸಿಯೊಂದನ್ನು ಶಶಿಕಲಾ ಕೀಳಲಿಲ್ಲ. ಬೆಳೆಯನ್ನು ಬೇಗ ಮಾಗಿಸುವ ಕೇಂದ್ರದ ದೀಪದಡಿ ಅದು ವಾರದಲ್ಲೇ ಕಾಯಿ ಕಟ್ಟಿ ಒಣಗಿತು.

ಆ ಕಾಳು ಕೆಂಡಕ್ಕೆ ಬಿದ್ದಾಗ ಮನೆಮಂದಿಯೆಲ್ಲ ಕೆಮ್ಮಿದರು, ಕೂಸೂ ಸೀನಿತು. ನೀಲವ್ವ ಉರಿಯುವ ಕಣ್ಣನ್ನು ಒರೆಸಿಕೊಳ್ಳದೆ ಕೂಸನ್ನೇ ನೋಡುತ್ತ ಕುಳಿತಳು.